ಕೊನೇ ಕಂತು ಕಟ್ಟಿದ ಮರುತಿಂಗಳಿಂದ

ಪ್ರತಿ ತಿಂಗಳು 5ನೇ ತಾರೀಖು 24,000 ರೂಪಾಯಿ ಮನೆ ಸಾಲದ ಕಂತಿಗೆ ಹೋಗುತ್ತಿತ್ತು. 2024ರ ಫೆಬ್ರುವರಿಯಲ್ಲಿ ಕೊನೇ ಕಂತು ಮುಗಿಯಿತು. ಮಾರ್ಚ್ 5ಕ್ಕೆ ಅದೇ 24,000 ನಮ್ಮದೇ ಉಳಿತಾಯಕ್ಕೆ ಹೋಗುವಂತೆ ಬ್ಯಾಂಕಿನಲ್ಲಿ ಮೊದಲೇ ಬರೆದುಕೊಟ್ಟಿದ್ದೆವು. ಬೇಗ ನಿವೃತ್ತಿ ಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಇದನ್ನು ಲೆಕ್ಕ ಹಾಕಿ ನೋಡಿಯೇ ಹೇಳುತ್ತಿದ್ದೇವೆ, ಆ ಲೆಕ್ಕ ಮುಂದೆ ಬರುತ್ತದೆ. ಕಂತು ನಿಂತ ಹಣವನ್ನು ಎರಡು ತಿಂಗಳು ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿಟ್ಟರೆ ಸಾಕು, ಮನೆಯಲ್ಲಿ ಅದಕ್ಕೆ ಹತ್ತು ದಾರಿ ಹುಟ್ಟುತ್ತವೆ. ಹೊಸ ಕಾರಿನ ಕಂತಂತೂ ಹಳೇ ಕಂತಿನ ಜಾಗಕ್ಕೆ ಅಚ್ಚುಕಟ್ಟಾಗಿ ಬಂದು ಕೂರುತ್ತದೆ.

ಲೆಕ್ಕ ಅರ್ಥವಾಗಬೇಕಾದರೆ ಸ್ಥಿತಿ ಗೊತ್ತಿರಬೇಕು. ತುಮಕೂರಿನಲ್ಲಿ ಸ್ವಂತ ಮನೆ. ಗಂಡ ಹೆಂಡತಿ ಇಬ್ಬರಿಗೂ ಆಗ 38. ಒಬ್ಬರಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ, ಇನ್ನೊಬ್ಬರಿಗೆ ಖಾಸಗಿ ಶಾಲೆಯಲ್ಲಿ. ತಿಪಟೂರು ಕಡೆ ಪಾಲಿಗೆ ಬಂದ ನಾಲ್ಕು ಎಕರೆ ತೆಂಗಿನ ತೋಟವಿದೆ. ಇಬ್ಬರ ಪಿಎಫ್ ಮತ್ತು ಹಳೇ ಠೇವಣಿ ಸೇರಿ 20 ಲಕ್ಷ ಇತ್ತು.

ಕಂತು ಮುಗಿದ ಮಾತ್ರಕ್ಕೆ ಸಾಲ ಮುಗಿಯುವುದಿಲ್ಲ, ಕಾಗದದಲ್ಲೂ ಮುಗಿಯಬೇಕು. ಇದಕ್ಕೇ ಎರಡು ತಿಂಗಳು ಹಿಡಿಯಿತು. ಮೊದಲು ಬ್ಯಾಂಕಿನಿಂದ ಸಾಲ ಮುಕ್ತಾಯದ ಲೆಕ್ಕದ ಪತ್ರ ಕೇಳಿ ಪಡೆಯಬೇಕು. ಕಂತಿನ ಪಟ್ಟಿಯಲ್ಲಿ ಸೊನ್ನೆ ಕಂಡರೂ ಕೊನೆಯ ಕೆಲವು ದಿನದ ಬಡ್ಡಿ, ಎಂದೋ ಒಂದು ಚೆಕ್ ಬೌನ್ಸ್ ಆದ ದಂಡ, ಇಂಥ ಐನೂರು ಸಾವಿರ ಉಳಿದಿರುತ್ತದೆ. ಅದನ್ನು ಕಟ್ಟದೆ ಬಿಟ್ಟರೆ ಖಾತೆ ತೆರೆದೇ ಇರುತ್ತದೆ, ತಿಂಗಳು ತಿಂಗಳೂ 'ಬಾಕಿ' ಎಂದು ವರದಿಯಾಗುತ್ತದೆ. ಅವಧಿಗೆ ಮುಂಚೆ ಸಾಲ ತೀರಿಸುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು: ಬದಲಾಗುವ ಬಡ್ಡಿದರದ ಮನೆ ಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಇನ್ನು ಕಂತು ತಾನಾಗಿ ಕಡಿತವಾಗಲು ಬರೆದುಕೊಟ್ಟ ಒಪ್ಪಿಗೆಯನ್ನು ಲಿಖಿತವಾಗಿ ರದ್ದು ಮಾಡಿಸಬೇಕು. ಮಾಡಿಸದಿದ್ದರೆ ತೀರಿದ ಸಾಲಕ್ಕೂ ಮರುತಿಂಗಳು ಹಣ ಹೋಗಬಹುದು. ವಾಪಸ್ ಬರುತ್ತದೆ ನಿಜ, ಆದರೆ ಅಷ್ಟರೊಳಗೆ ಖಾತೆ ಖಾಲಿಯಾಗಿ ಬೇರೊಂದು ಕಂತು ಬೌನ್ಸ್ ಆಗುತ್ತದೆ.

ಆಮೇಲೆ ಪತ್ರಗಳು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಆಸ್ತಿಯ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಕೌಂಟರಿನಲ್ಲಿ ಈ ನಿಯಮ ಹೇಳಿದ ಮೇಲೆ ಕೆಲಸ ಚುರುಕಾಯಿತು. ಪತ್ರ ತೆಗೆದುಕೊಳ್ಳುವಾಗ ಸಾಲ ಪಡೆದಾಗ ಬ್ಯಾಂಕ್ ಕೊಟ್ಟಿದ್ದ ದಾಖಲೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದೊಂದನ್ನೂ ಗುರುತು ಹಾಕಿಕೊಳ್ಳಬೇಕು: ಕ್ರಯಪತ್ರ, ಅದರ ಹಿಂದಿನ ಮೂಲ ಕ್ರಯಪತ್ರ, ಖಾತಾ, ಭೂ ಪರಿವರ್ತನೆ ಆದೇಶ, ಮನೆ ಕಟ್ಟಲು ಕೊಟ್ಟ ನಕ್ಷೆ. ಹೆಚ್ಚಾಗಿ ಕಾಣೆಯಾಗುವುದು ಮೂಲ ಕ್ರಯಪತ್ರ. ಸ್ವೀಕೃತಿಗೆ ಸಹಿ ಹಾಕುವ ಮುಂಚೆಯೇ ಪುಟ ಎಣಿಸಬೇಕು, ಸಹಿ ಹಾಕಿದ ಮೇಲೆ ಕೇಳಲು ಬಾಯಿರುವುದಿಲ್ಲ.

ಬ್ಯಾಂಕಿಗೆ ಹಕ್ಕುಪತ್ರ ಒತ್ತೆ ಇಟ್ಟಿದ್ದನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ್ದರೆ, ಬಿಡುಗಡೆಯನ್ನೂ ಅಲ್ಲಿಯೇ ನೋಂದಾಯಿಸಬೇಕು. ಬ್ಯಾಂಕ್ ಕೊಡುವ ಬೇಬಾಕಿ ಪತ್ರವೊಂದೇ ಇದಕ್ಕೆ ಸಾಲದು. ಇದಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪತ್ರ ತೆಗೆದು ನೋಡಿದರೆ ಒತ್ತೆಯ ನಮೂದಿನ ಕೆಳಗೆ ಬಿಡುಗಡೆಯ ನಮೂದೂ ಕಾಣಬೇಕು. ಜಮೀನಿನ ಮೇಲೆ ಬೆಳೆ ಸಾಲ ತೆಗೆದಿದ್ದವರು ಪಹಣಿಯ 11ನೇ ಕಲಂ ನೋಡಬೇಕು. ಸಾಲ ತೀರಿ ಐದಾರು ವರ್ಷವಾದರೂ ಬ್ಯಾಂಕಿನ ಹೆಸರು ಅಲ್ಲಿ ಕೂತಿರುವ ಪಹಣಿಗಳು ಊರೂರಲ್ಲಿ ಇವೆ. ತೋಟ ಭಾಗ ಮಾಡಿಕೊಳ್ಳುವಾಗಲೋ ಮಾರುವಾಗಲೋ ಅದು ಎದುರಿಗೆ ಬರುತ್ತದೆ. ಬೈಕು, ಕಾರಿನ ಸಾಲಕ್ಕೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಹಿಡಿದು ಆರ್‌ಟಿಒದಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಆ ಪತ್ರಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ, ಕಳೆದುಹೋದರೆ ಮತ್ತೆ ಬ್ಯಾಂಕಿಗೆ ಅಲೆಯಬೇಕಾಗುತ್ತದೆ.

ನಮ್ಮ ಕಡೆ ಕೈಸಾಲ ಇಲ್ಲದ ಮನೆ ಕಡಿಮೆ. ಅದಕ್ಕೂ ಇದೇ ಶಿಸ್ತು ಬೇಕು. ಹಣ ಕೊಟ್ಟ ದಿನವೇ ಪ್ರೋನೋಟು ಮತ್ತು ಖಾಲಿ ಚೆಕ್ಕು ವಾಪಸ್ ಪಡೆಯಬೇಕು. 'ಎಲ್ಲೋ ಇಟ್ಟಿದ್ದೀನಿ, ಹುಡುಕಿ ಕೊಡ್ತೀನಿ' ಎಂದರೆ ಹಣ ಪೂರ್ತಿ ಮುಟ್ಟಿದೆ ಎಂದು ಕಾಗದದ ಮೇಲೆ ಬರೆಸಿ, ಸಾಕ್ಷಿ ಸಹಿ ಹಾಕಿಸಿ, ಚೆಕ್ ನಂಬರ್ ಕೊಟ್ಟು ಬ್ಯಾಂಕಿನಲ್ಲಿ ಪಾವತಿ ತಡೆಸಬೇಕು. ಜಾಮೀನು ನಿಂತದ್ದನ್ನೂ ಸಾಲವೆಂದೇ ಎಣಿಸಬೇಕು. ಷಡ್ಡಕನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಸಹಿ ಅವರು ಕಂತು ತಪ್ಪಿಸಿದ ದಿನ ನಮ್ಮ ಸಾಲವಾಗುತ್ತದೆ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಹೀಗೆ ಸಾಲದ ಚರಿತ್ರೆ ಇಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಸಾಲ ತೀರಿ ಎರಡು ತಿಂಗಳಾದ ಮೇಲೆ ತೆಗೆದು ನೋಡಿ. 'ಕ್ಲೋಸ್ಡ್' ಎಂದಿರಬೇಕು. 'ಸೆಟಲ್ಡ್' ಎಂದಿದ್ದರೆ ಬ್ಯಾಂಕು ಸ್ವಲ್ಪ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡಿತು ಎಂದರ್ಥ, ಅದು ಕಳಂಕವಾಗಿ ಉಳಿಯುತ್ತದೆ. ಎಲ್ಲಾ ಕಂತು ಕಟ್ಟಿಯೂ ಹೀಗೆ ಬಿದ್ದಿದ್ದರೆ ಆನ್‌ಲೈನ್‌ನಲ್ಲೇ ತಕರಾರು ಹಾಕಬಹುದು.

ಮೊದಲ ಎಂಟು ತಿಂಗಳು ನಿವೃತ್ತಿಗೆ ಒಂದು ರೂಪಾಯಿಯನ್ನೂ ಹೊಸದಾಗಿ ಹಾಕಲಿಲ್ಲ. ಕಂತಿನ 24,000, ಅದಕ್ಕೆ ಮುಂಚಿನಿಂದಲೂ ಉಳಿಸುತ್ತಿದ್ದ 12,000, ಒಟ್ಟು 36,000. ಎಂಟು ತಿಂಗಳಿಗೆ 2,88,000. ಇದು ಆಪತ್ತಿನ ಹಣ, ಹೆಚ್ಚುಕಮ್ಮಿ ಆರು ತಿಂಗಳ ಖರ್ಚು. ಒಂದೇ ದೊಡ್ಡ ಠೇವಣಿ ಮಾಡಲಿಲ್ಲ. 50,000ದ ಐದು ಠೇವಣಿ ಮಾಡಿ, ಉಳಿದದ್ದನ್ನು ಉಳಿತಾಯ ಖಾತೆಯಲ್ಲಿಟ್ಟೆವು. ಆಸ್ಪತ್ರೆಗೆ 40,000 ಬೇಕಾದಾಗ ಒಂದೇ ಠೇವಣಿ ಮುರಿದರೆ ಸಾಕು, ಮಿಕ್ಕ ನಾಲ್ಕರ ಬಡ್ಡಿಗೆ ಪೆಟ್ಟು ಬೀಳುವುದಿಲ್ಲ. ಈ ಹಂತ ಬಿಟ್ಟು ನೇರ ಮ್ಯೂಚುವಲ್ ಫಂಡಿಗೆ ಹೋದವರು ಮೊದಲ ಆಪತ್ತಿಗೇ ಒಡವೆ ಅಡ ಇಡುತ್ತಾರೆ. ಅಲ್ಲಿಗೆ ಸಾಲಮುಕ್ತ ಎಂಬ ಮಾತು ಮುಗಿಯಿತು.

ಅದೇ ಸಮಯದಲ್ಲಿ ಆರೋಗ್ಯ ವಿಮೆ. ಕಾರ್ಖಾನೆಯ ಗುಂಪು ವಿಮೆಯಾಗಲಿ ಇಎಸ್‌ಐ ಆಗಲಿ ಕೆಲಸದ ಜೊತೆಗೇ ನಿಲ್ಲುತ್ತದೆ, ಬೇಗ ನಿವೃತ್ತಿಯಾಗುವವರಿಗೆ ದೊಡ್ಡ ಗುಂಡಿ ಇದೇ. ಕೆಲಸ ಬಿಡುವ ವರ್ಷ ಸ್ವಂತ ವಿಮೆ ಮಾಡಿಸುತ್ತೇವೆಂದರೆ ಅಷ್ಟೊತ್ತಿಗೆ ಬಿಪಿ, ಸಕ್ಕರೆ ಬಂದಿರುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು ಮೂರು ವರ್ಷದವರೆಗೆ ಕಾಯಿಸಬಹುದು. ಅದಕ್ಕೇ ಆರೋಗ್ಯ ನೆಟ್ಟಗಿರುವಾಗಲೇ, ಕಂಪನಿಯ ವಿಮೆ ಇದ್ದರೂ, ಕುಟುಂಬಕ್ಕೆ 10 ಲಕ್ಷದ ಸ್ವಂತ ಪಾಲಿಸಿ ಮಾಡಿಸಿದೆವು. ಅರ್ಜಿಯಲ್ಲಿ ಹಳೇ ಶಸ್ತ್ರಚಿಕಿತ್ಸೆ, ಥೈರಾಯ್ಡ್ ಮಾತ್ರೆ ಯಾವುದನ್ನೂ ಮುಚ್ಚಿಡಬಾರದು, ಕ್ಲೇಮ್ ತಿರಸ್ಕಾರವಾಗುವುದು ಬಹಳ ಸಲ ಅಲ್ಲಿಯೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಹಾಲಿನ ಡೇರಿಯಲ್ಲೋ ಸಹಕಾರ ಸಂಘದಲ್ಲೋ ಸದಸ್ಯರಾದವರಿಗೆ ಯಶಸ್ವಿನಿ ಇದೆ. ಅದನ್ನು ಜೊತೆಗೆ ಇಟ್ಟುಕೊಳ್ಳಿ, ಅದೊಂದನ್ನೇ ನಂಬಬೇಡಿ. ಜೀವ ವಿಮೆಗೆ ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ಸಾದಾ ಟರ್ಮ್ ಪಾಲಿಸಿ ಸಾಕು, ಅದೂ ನಿವೃತ್ತಿಯ ವಯಸ್ಸಿನವರೆಗೆ ಮಾತ್ರ.

ಇನ್ನು ಖರ್ಚಿನ ಪುಸ್ತಕ. ಎಲ್ಲಾ ಲೆಕ್ಕದ ಬೇರು ಇದು. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಪೂರ್ತಿ ಒಂದು ವರ್ಷ ಬರೆದೆವು. ಮೂರು ತಿಂಗಳು ಬರೆದು ನಾಲ್ಕರಿಂದ ಗುಣಿಸುವುದು ತಪ್ಪು, ಯಾಕೆಂದರೆ ಯುಗಾದಿ, ಶಾಲೆ ಶುರುವಾಗುವ ಜೂನ್, ಗೌರಿ ಗಣೇಶ, ದೀಪಾವಳಿ, ಮದುವೆಯ ಕಾಲ ಒಂದೊಂದೂ ಬೇರೆ ಬೇರೆ ತಿಂಗಳಲ್ಲಿ ಬರುತ್ತವೆ.

ತಿಂಗಳ ಖರ್ಚು ಹೀಗಿತ್ತು: ದಿನಸಿ, ಹಾಲು, ತರಕಾರಿಗೆ 13,000. ಕರೆಂಟು, ಗ್ಯಾಸು, ನೀರು, ಫೋನಿಗೆ 4,200. ಪೆಟ್ರೋಲು, ಬಸ್ಸಿಗೆ 3,800. ದೊಡ್ಡವರ ಔಷಧಿಗೆ 3,500. ಚಿಲ್ಲರೆ ಖರ್ಚು 3,500. ಒಟ್ಟು 28,000, ವರ್ಷಕ್ಕೆ 3,36,000. ಯಾರನ್ನೇ ಕೇಳಿ, ಇಷ್ಟನ್ನೇ ಹೇಳುತ್ತಾರೆ.

ತಿಂಗಳ ಲೆಕ್ಕಕ್ಕೆ ಸಿಗದ ಖರ್ಚು ಬೇರೆಯೇ ಇದೆ. ಆರೋಗ್ಯ ಮತ್ತು ಗಾಡಿ ವಿಮೆ 38,000. ಮನೆ ಕಂದಾಯ ಮತ್ತು ಸಣ್ಣ ರಿಪೇರಿ 20,000. ಹಬ್ಬ, ಜಾತ್ರೆ, ಮದುವೆ ಗೃಹಪ್ರವೇಶದ ಮುಯ್ಯಿ 42,000. ಬಟ್ಟೆ, ಪ್ರವಾಸ 35,000. ಗಾಡಿ ಸರ್ವಿಸ್, ಟೈರು, ಬ್ಯಾಟರಿ 17,000. ವಿಮೆಗೆ ಬಾರದ ಹಲ್ಲು, ಕನ್ನಡಕ, ಡಾಕ್ಟರ್ ಫೀಸು 24,000. ಕೂಡಿದರೆ 1,76,000. ಇದರ ಆಚೆಗೆ ಎಂಟು ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡವು: ಹೊಸ ಬೈಕು, ಫ್ರಿಜ್ಜು, ಮನೆಗೆ ಬಣ್ಣ, ಯುಪಿಎಸ್, ಬೋರಿನ ಮೋಟರು. ಪ್ರತಿಯೊಂದರ ಬೆಲೆಯನ್ನು ಅದು ಬಾಳುವ ವರ್ಷದಿಂದ ಭಾಗಿಸಿದರೆ ವರ್ಷಕ್ಕೆ 48,000 ಬಂತು. ಎಲ್ಲಾ ಸೇರಿ 5,60,000. ತಿಂಗಳ ಖರ್ಚನ್ನಷ್ಟೇ ಹಿಡಿದಿದ್ದರೆ 2,24,000 ಲೆಕ್ಕದಿಂದ ಬಿಟ್ಟೇ ಹೋಗುತ್ತಿತ್ತು. ನಿವೃತ್ತಿಗೆ ಬೇಕಾದ ಗಂಟನ್ನು ವರ್ಷದ ಖರ್ಚಿನ ಮೂವತ್ತು ಪಟ್ಟು ಎಂದು ಹಿಡಿದೆವು, ಕಾರಣ ಮುಂದೆ ಬರುತ್ತದೆ. ಬಿಟ್ಟುಹೋಗುತ್ತಿದ್ದದ್ದನ್ನು ಮೂವತ್ತರಿಂದ ಗುಣಿಸಿದರೆ 67 ಲಕ್ಷ. ಮುಯ್ಯಿಯ ಲೆಕ್ಕ ಎಲ್ಲರೂ ಮರೆಯುವಂಥದ್ದು. ಕೆಲಸ ಬಿಟ್ಟ ಮೇಲೆ ಅದು ಕಡಿಮೆಯಾಗುವುದಿಲ್ಲ, ನೆಂಟರ ಮಕ್ಕಳ ಮದುವೆಗಳು ಶುರುವಾಗುವುದೇ ಆಗ.

ಮಗಳ ಓದಿನ ಖರ್ಚು ಇದರಲ್ಲಿ ಸೇರಿಲ್ಲ. ಅದು ಸಂಬಳ ಇರುವಾಗಲೇ ಮುಗಿಯುತ್ತದೆ, ಅದಕ್ಕೆ ಸುಕನ್ಯಾ ಸಮೃದ್ಧಿ ಖಾತೆ ಬೇರೆ ಇದೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಕಾಲೇಜು ಸೀಟಿನ ಸಮಯದಲ್ಲಿ ನಿವೃತ್ತಿಯ ಹಣಕ್ಕೇ ಕೈ ಹೋಗುತ್ತದೆ.

ಮೂವತ್ತು ಎಂಬ ಸಂಖ್ಯೆ ಎಲ್ಲಿಂದ ಬಂತು? ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಷೇರು ಮತ್ತು ಸರ್ಕಾರಿ ಬಾಂಡುಗಳ ಹಳೇ ಲೆಕ್ಕ ತೆಗೆದು, ಮೊದಲ ವರ್ಷ ಗಂಟಿನ ಶೇ. 4 ತೆಗೆದು ಮುಂದೆ ಬೆಲೆ ಏರಿದಷ್ಟು ಹೆಚ್ಚಿಸುತ್ತಾ ಹೋದರೆ ಹಣ 30 ವರ್ಷ ಬಾಳುತ್ತದೆ ಎಂದು ತೋರಿಸಿದರು. ವರ್ಷದ ಖರ್ಚಿನ 25 ಪಟ್ಟು ಎನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ನಮಗೆ ಅದು ಸಾಲದು. ನಾವು ಅಂದುಕೊಂಡಂತೆ 54ಕ್ಕೆ ಕೆಲಸ ಬಿಟ್ಟರೆ ಹಣ 35 ವರ್ಷವಾದರೂ ನಡೆಯಬೇಕು, ಜೊತೆಗೆ ಇಲ್ಲಿನ ಬೆಲೆ ಏರಿಕೆ ಅಲ್ಲಿಗಿಂತ ಜೋರು. ರಿಸರ್ವ್ ಬ್ಯಾಂಕಿನ ಗುರಿಯೇ ಶೇ. 4, ಶೇ. 6ರವರೆಗೆ ಸಹ್ಯ. ಹೀಗಾಗಿ 30 ಪಟ್ಟು ಹಿಡಿದೆವು. 45ಕ್ಕೇ ಬಿಡುವವರು 35, 40 ಪಟ್ಟು ಹಿಡಿಯುವುದು ಕ್ಷೇಮ.

ತೋಟದ ಆದಾಯ ಎಷ್ಟು ಕಳೆಯಬೇಕು ಎನ್ನುವುದೇ ತುಮಕೂರು ಜಿಲ್ಲೆಯವರು ಎಡವುವ ಜಾಗ. ನಾಲ್ಕು ಎಕರೆಗೆ ಫಸಲು ಕೊಡುವ 160 ಮರ. ಮರಕ್ಕೆ ವರ್ಷಕ್ಕೆ ಸರಾಸರಿ 70 ಕಾಯಿ ಹಿಡಿದರೆ 11,200 ಕಾಯಿ. ಉಂಡೆ ಕೊಬ್ಬರಿ ಒಂದು ಕೆಜಿಗೆ ಎಂಟು ಕಾಯಿ ಎಂದರೂ 14 ಕ್ವಿಂಟಾಲ್. ಕಾಯಿ ಕೀಳಿಸುವ, ಸುಲಿಸುವ ಕೂಲಿ, ಉಳುಮೆ, ಗೊಬ್ಬರ, ಬೋರು ಮೋಟರಿನ ರಿಪೇರಿ ಸೇರಿ ವರ್ಷಕ್ಕೆ 80,000 ಖರ್ಚು. ಈಗ ಧಾರಣೆ ನೋಡಿ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 8,000ದ ಆಸುಪಾಸಿಗೆ ಕುಸಿದು, ರೈತರು ಬೆಂಬಲ ಬೆಲೆಯ ನ್ಯಾಫೆಡ್ ಖರೀದಿಗೆ ಸಾಲು ನಿಲ್ಲಬೇಕಾಯಿತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. 8,000ಕ್ಕೆ ಮಾರಿದರೆ ಖರ್ಚು ಕಳೆದು ಕೈಗೆ 32,000. 20,000ಕ್ಕೆ ಮಾರಿದರೆ ಎರಡು ಲಕ್ಷ. ಒಳ್ಳೇ ವರ್ಷದ ಎರಡು ಲಕ್ಷವನ್ನೇ ಖಾಯಂ ಆದಾಯ ಎಂದುಕೊಂಡು ಕೆಲಸ ಬಿಟ್ಟವರು ಧಾರಣೆ ಬಿದ್ದ ವರ್ಷ ಮತ್ತೆ ಸಂಘದ ಸಾಲಕ್ಕೆ ಅರ್ಜಿ ಹಾಕಬೇಕಾಗುತ್ತದೆ. ನಾವು ಹಿಡಿದದ್ದು ಬೆಂಬಲ ಬೆಲೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ 12,100 ಇತ್ತು. ಅದರಂತೆ ಉಳಿಯುವುದು 89,400. ನುಸಿ ರೋಗ, ಕಪ್ಪು ತಲೆ ಹುಳುವಿಗೆ ಸ್ವಲ್ಪ ಬಿಟ್ಟು 80,000 ಎಂದು ಬರೆದುಕೊಂಡೆವು. ಉಂಡೆ ಕೊಬ್ಬರಿಗೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಬೇಕು, ಅಂದರೆ ಈ ವರ್ಷ ಕಿತ್ತ ಕಾಯಿಯ ಹಣ ಮುಂದಿನ ವರ್ಷದ್ದು. ಇದನ್ನೂ ಮರೆಯಬಾರದು. ಬರಗಾಲದ ಪೆಟ್ಟು ಇಳುವರಿಯಲ್ಲಿ ಒಂದೆರಡು ವರ್ಷ ತಡವಾಗಿ ಕಾಣುತ್ತದೆ. ಅಣ್ಣತಮ್ಮಂದಿರ ಜೊತೆ ಜಂಟಿಯಾಗಿರುವ ತೋಟವಾದರೆ ನಿಮ್ಮ ಪಾಲನ್ನಷ್ಟೇ ಹಿಡಿಯಿರಿ.

5,60,000ದಲ್ಲಿ 80,000 ಕಳೆದರೆ 4,80,000. ಮೂವತ್ತು ಪಟ್ಟು 1 ಕೋಟಿ 44 ಲಕ್ಷ. ಇದು ಇಂದಿನ ಬೆಲೆಯಲ್ಲಿ. ಮುಂದಿನ ಲೆಕ್ಕವನ್ನೂ ಇಂದಿನ ಬೆಲೆಯಲ್ಲೇ ಇಡುತ್ತೇವೆ, ಇಲ್ಲದಿದ್ದರೆ ನಾಲ್ಕು ಕೋಟಿ, ಐದು ಕೋಟಿ ಎಂಬ ಅಂಕಿ ನೋಡಿಯೇ ಎದೆಗುಂದುತ್ತದೆ. ಹೂಡಿಕೆ ಒಟ್ಟಾರೆ ಶೇ. 9 ಬೆಳೆದು, ಬೆಲೆ ಶೇ. 6 ಏರಿದರೆ ನಿಜವಾದ ಬೆಳವಣಿಗೆ ಸುಮಾರು ಶೇ. 3.

ಈಗ ಮೊದಲು ಹೇಳಿದ ಲೆಕ್ಕ. ಕೈಯಲ್ಲಿರುವ 20 ಲಕ್ಷದ ಜೊತೆಗೆ ತಿಂಗಳಿಗೆ 47,000 ಸೇರುತ್ತದೆ: ಕಂತಿನ 24,000, ಹಳೇ ಉಳಿತಾಯದ 12,000, ಇಬ್ಬರ ಪಿಎಫ್ 11,000. ಈ ಮೊತ್ತ ವರ್ಷ ವರ್ಷ ಬೆಲೆ ಏರಿದಷ್ಟು ಏರುತ್ತಾ ಹೋದರೆ 1 ಕೋಟಿ 44 ಲಕ್ಷ ಮುಟ್ಟಲು 16 ವರ್ಷ ಬೇಕು. ಕಂತಿನ 24,000ವನ್ನು ಕಾರಿಗೋ ಮನೆ ಮೇಲಿನ ಇನ್ನೊಂದು ಮಹಡಿಗೋ ಕೊಟ್ಟು ಉಳಿದ 23,000 ಮಾತ್ರ ಹಾಕಿದರೆ ಅದೇ ಗುರಿಗೆ 25 ವರ್ಷ ಬೇಕು. 54ರ ಬದಲು 63. ಯಾವ ಫಂಡು ಒಳ್ಳೆಯದು, ಯಾವ ಬ್ಯಾಂಕಿನಲ್ಲಿ ಕಾಲು ಪರ್ಸೆಂಟ್ ಹೆಚ್ಚು ಎಂದು ತಲೆ ಕೆಡಿಸಿಕೊಂಡರೂ ಒಂಬತ್ತು ವರ್ಷ ಉಳಿಯುವುದಿಲ್ಲ. ಇನ್ನೊಂದು ತಪ್ಪು, 47,000ವನ್ನು ಏರಿಸದೆ ಹದಿನಾರೂ ವರ್ಷ ಹಾಗೇ ಬಿಡುವುದು. ಆಗ ಇಂದಿನ ಬೆಲೆಯಲ್ಲಿ ಸೇರುವುದು 1 ಕೋಟಿ 5 ಲಕ್ಷದಷ್ಟು, 40 ಲಕ್ಷ ಖೋತಾ. ಸಂಬಳ ಏರುವ ತಿಂಗಳೇ, ತಿಂಗಳು ತಿಂಗಳೂ ಫಂಡಿಗೆ ತಾನಾಗಿ ಹೋಗುವ ಎಸ್‌ಐಪಿ ಮೊತ್ತವನ್ನೂ ಏರಿಸಬೇಕು. ಎಷ್ಟೋ ಫಂಡುಗಳಲ್ಲಿ ವರ್ಷಕ್ಕಿಷ್ಟು ತಾನಾಗಿ ಏರುವ ಸೌಲಭ್ಯ ಇದೆ.

36,000 ಎಲ್ಲೆಲ್ಲಿ ಹೋಗುತ್ತಿದೆ? 20,000 ದೇಶದ 50 ದೊಡ್ಡ ಕಂಪನಿಗಳ ಷೇರು ಕೊಳ್ಳುವ ನಿಫ್ಟಿ 50 ಇಂಡೆಕ್ಸ್ ಫಂಡಿಗೆ, ಅದರಲ್ಲೂ ನೇರ ಯೋಜನೆಗೆ. ಏಜೆಂಟರ ಮೂಲಕ ತೆಗೆದುಕೊಳ್ಳುವ ರೆಗ್ಯುಲರ್ ಯೋಜನೆಯಲ್ಲಿ ಕಮಿಷನ್ ಪ್ರತಿ ವರ್ಷ ಒಟ್ಟು ಮೊತ್ತದ ಮೇಲೆ ಹೋಗುತ್ತಿರುತ್ತದೆ. ವರ್ಷಕ್ಕೆ ಶೇ. 11ರ ಬದಲು ಶೇ. 10 ಸಿಕ್ಕರೆ 16 ವರ್ಷಕ್ಕೆ ತಿಂಗಳ 20,000ದ ಮೇಲೆ ಸುಮಾರು 10 ಲಕ್ಷದ ವ್ಯತ್ಯಾಸ. 2024ರ ನವೆಂಬರಿನಲ್ಲಿ ಶುರು ಮಾಡಿದ್ದರಿಂದ ಮೊದಲ ನಾಲ್ಕೈದು ತಿಂಗಳೂ ನಷ್ಟವೇ ಕಾಣಿಸಿತು. ಸೆಪ್ಟೆಂಬರಿನಲ್ಲಿ 26,000 ದಾಟಿದ್ದ ನಿಫ್ಟಿ 2025ರ ಮಾರ್ಚ್ ಮೊದಲ ವಾರಕ್ಕೆ 22,000ದ ಹತ್ತಿರ ಬಂದಿತ್ತು. ಹದಿನೈದು ವರ್ಷ ಕೊಳ್ಳುತ್ತಲೇ ಇರುವವರಿಗೆ ಮೊದಲ ವರ್ಷ ಬೆಲೆ ಇಳಿಯುವುದು ಅನುಕೂಲವೇ. ಆಗ ನಿಲ್ಲಿಸಿದರೆ ಮಾತ್ರ ನಷ್ಟ.

10,000 ಸರ್ಕಾರದ 15 ವರ್ಷದ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ, ಇಬ್ಬರ ಹೆಸರಿನಲ್ಲೂ ಒಂದೊಂದು ಖಾತೆ. 2020ರ ಏಪ್ರಿಲ್‌ನಿಂದ 2025ರ ಕೊನೆಯವರೆಗೂ ಬಡ್ಡಿ ಶೇ. 7.1ರಲ್ಲೇ ಇತ್ತು. ಪ್ರತಿ ತಿಂಗಳ 5ನೇ ತಾರೀಖಿನ ನಂತರ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಮೊತ್ತದ ಮೇಲೆ ಬಡ್ಡಿ ಹಾಕುತ್ತಾರೆ. 5ಕ್ಕೆ ಭಾನುವಾರ ಬಂದು ಹಣ 6ಕ್ಕೆ ಜಮೆಯಾದರೆ ಆ ತಿಂಗಳ ಬಡ್ಡಿ ಇಲ್ಲ. ಅದಕ್ಕೇ ಈ ಒಂದನ್ನು ಮಾತ್ರ 2ನೇ ತಾರೀಖಿಗೆ ಸರಿಸಿದೆವು. 2024-25ರಲ್ಲಿ ತೆರೆದ ಖಾತೆಗೆ 15 ಹಣಕಾಸು ವರ್ಷ ತುಂಬುವುದು 2040ರ ಮಾರ್ಚ್‌ಗೆ, ನಮ್ಮ ನಿವೃತ್ತಿಗೆ ಸರಿಯಾಗಿ. 50 ದಾಟಿದ ಮೇಲೆ ಪಿಪಿಎಫ್ ತೆರೆದು ಹಣ ಸಿಕ್ಕಿಹಾಕಿಕೊಂಡಿತು ಎನ್ನುವುದಕ್ಕಿಂತ ಇದು ವಾಸಿ. ಉಳಿದ 6,000 ಆರ್‌ಡಿಗೆ, ಅದು ಮುಗಿದಾಗಲೆಲ್ಲ ಎಫ್‌ಡಿಗೆ.

ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಸೇರುವ ಮುಂಚೆ 60ಕ್ಕೂ ಮೊದಲು ಹೊರಬಂದರೆ ಎಷ್ಟು ಕೈಗೆ ಬರುತ್ತದೆ, ಎಷ್ಟು ಕಡ್ಡಾಯವಾಗಿ ಪಿಂಚಣಿ ಯೋಜನೆಗೆ ಹೋಗುತ್ತದೆ ಎಂಬ ಆ ಹೊತ್ತಿನ ನಿಯಮ ಓದಿಕೊಳ್ಳಿ. ನಾವು ಸೇರಿಲ್ಲ.

ಸಹಕಾರ ಸಂಘಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರುವರಿ 4ರಿಂದ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಬೋರ್ಡಿನ ಮೇಲೆ ಹೆಸರು ಬ್ಯಾಂಕಿನಂತೆಯೇ ಕಾಣುತ್ತದೆ, ಬಡ್ಡಿ ಒಂದೂವರೆ ಎರಡು ಪರ್ಸೆಂಟ್ ಹೆಚ್ಚಿರುತ್ತದೆ, ನಿರ್ದೇಶಕರು ಪರಿಚಯದವರಾಗಿರುತ್ತಾರೆ. ನಿವೃತ್ತಿಯ ಪೂರ್ತಿ ಗಂಟನ್ನು ಅಲ್ಲಿಟ್ಟು ಸಂಘ ಮುಳುಗಿದರೆ ಹಣ ಬರಲು ವರ್ಷಗಟ್ಟಲೆ ಹಿಡಿಯುತ್ತದೆ, ಬರುತ್ತದೆಂಬ ಖಾತ್ರಿಯೂ ಇಲ್ಲ. ಊರಿನ ಸಂಘ ಉಳಿಯಬೇಕು ಎನ್ನುವ ಮಮತೆ ನಮಗೂ ಇದೆ. ಆ ಮಮತೆಗೆ ಷೇರು, ಸಣ್ಣ ಆರ್‌ಡಿ ಸಾಕು. ಚೀಟಿಯೂ ಹಾಗೆಯೇ. ನೋಂದಾಯಿತ ಚೀಟಿಗೆ 1982ರ ಕಾಯ್ದೆ ಇದೆ, ನಡೆಸುವವರ ಕಮಿಷನ್‌ಗೆ ಶೇ. 7ರ ಮಿತಿ ಇದೆ. ಬಾಯಿಮಾತಿನ ಚೀಟಿಗೆ ಯಾವುದೂ ಇಲ್ಲ.

'ಸೈಟು ತಗೊಳ್ಳಿ, ಬೆಂಗಳೂರು ಇಲ್ಲಿಗೇ ಬರ್ತಿದೆ' ಎಂದು ಸಿಕ್ಕವರೆಲ್ಲ ಹೇಳುತ್ತಾರೆ. ಬೆಲೆ ಏರುವುದು ನಿಜವೇ ಇರಬಹುದು. ಆದರೆ 30/40 ಸೈಟಿನ ಒಂದು ಮೂಲೆ ಮಾರಿ ಆ ತಿಂಗಳ ದಿನಸಿ ತರಲಾಗುವುದಿಲ್ಲ. ಸೈಟು ಬಾಡಿಗೆ ಕೊಡುವುದಿಲ್ಲ, ಕಂದಾಯ ಕೇಳುತ್ತದೆ, ಪರಿವರ್ತನೆ ಆಗದ ರೆವಿನ್ಯೂ ಸೈಟಾದರೆ ಮಾರುವಾಗ ಖಾತಾದ ತೊಡಕು ಬೇರೆ. ಇರುವ ಮನೆ, ತೋಟ ಈಗಾಗಲೇ ಭೂಮಿಯೇ. ಇನ್ನೂ ಭೂಮಿಗೆ ಹಾಕಿದರೆ ಎಲ್ಲಾ ಮೊಟ್ಟೆ ಒಂದೇ ಬುಟ್ಟಿಗೆ.

ಪಿಎಫ್ ಬಗ್ಗೆ ಜನಕ್ಕೆ ಇರುವ ತಪ್ಪು ಕಲ್ಪನೆ ಪಿಂಚಣಿಯದು. ಮಾಲೀಕರ ಶೇ. 12ರಲ್ಲಿ ಶೇ. 8.33 ಪಿಂಚಣಿ ಯೋಜನೆಗೆ ಹೋಗುತ್ತದೆ, ಅದೂ 15,000 ಸಂಬಳದ ಮಿತಿಯಲ್ಲಿ, ಅಂದರೆ ತಿಂಗಳಿಗೆ 1,250. ಪಿಂಚಣಿಯ ಸೂತ್ರ ಸಂಬಳ ಗುಣಿಸು ಸೇವಾ ವರ್ಷ, ಭಾಗಿಸು 70. ಈ ಮಿತಿಯಲ್ಲಿ 25 ವರ್ಷ ಸೇವೆ ಮಾಡಿದರೂ 6,000ದೊಳಗೇ ಬರುತ್ತದೆ. 58ಕ್ಕೆ ಪೂರ್ತಿ. 50 ದಾಟಿದ ಮೇಲೆ ಮುಂಚಿತವಾಗಿ ಪಡೆಯಬಹುದು, ಆದರೆ ಕಡಿಮೆಯಾದ ಪ್ರತಿ ವರ್ಷಕ್ಕೂ ಶೇ. 4 ಕಡಿತ. ಕಡಿತವಾದದ್ದು ಜೀವನಪರ್ಯಂತ ಹಾಗೇ. ಇದನ್ನು ನಮ್ಮ ಗುರಿಯಲ್ಲಿ ಸೇರಿಸಿಲ್ಲ, ಬಂದರೆ ಔಷಧಿಗಾಯಿತು. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿಯನ್ನೂ ಸೇರಿಸಿಲ್ಲ. ಮೂಲ ವೇತನ 30,000 ಇದ್ದು 20 ವರ್ಷವಾಗಿದ್ದರೆ, ಪ್ರತಿ ವರ್ಷಕ್ಕೆ ತಿಂಗಳ ವೇತನದ 26ರಲ್ಲಿ 15 ಭಾಗದ ಲೆಕ್ಕಕ್ಕೆ 3,46,000 ಬರುತ್ತದೆ. ಪಿಎಫ್ ಖಾತೆಯಲ್ಲಿ ಈಗಲೇ ಸರಿಪಡಿಸಬೇಕಾದದ್ದು ಹೆಸರು. ಆಧಾರದಲ್ಲಿ ತಂದೆಯ ಹೆಸರು ಕೊನೆಗೆ, ಪಿಎಫ್‌ನಲ್ಲಿ ಇನಿಷಿಯಲ್ ಮೊದಲಿಗೆ, ಇಷ್ಟು ಸಾಕು ಅರ್ಜಿ ತಿರಸ್ಕಾರವಾಗಲು. ಹಳೇ ಕಂಪನಿ ಬಿಟ್ಟ ತಾರೀಖು ನಮೂದಾಗಿಲ್ಲದಿದ್ದರೂ ಅಷ್ಟೇ. ಕಂಪನಿ ಮುಚ್ಚಿಹೋಗುವ ಮುಂಚೆ ಇವನ್ನು ಮಾಡಿಸಿಕೊಳ್ಳಬೇಕು, ನಾಮಿನಿಯನ್ನೂ ಸೇರಿಸಬೇಕು.

ಕೆಲಸ ಬಿಡುವ ಹೊತ್ತಿಗೆ ಹಣ ಮೂರು ಕಡೆ ಇರಬೇಕು ಎಂದು ನಿರ್ಧರಿಸಿದ್ದೇವೆ. ಎರಡು ವರ್ಷದ ಖರ್ಚು ಉಳಿತಾಯ ಖಾತೆ ಮತ್ತು ಚಿಕ್ಕ ಅವಧಿಯ ಠೇವಣಿಯಲ್ಲಿ. ಮುಂದಿನ ಐದಾರು ವರ್ಷದ್ದು ಒಂದೊಂದು ವರ್ಷಕ್ಕೆ ಒಂದೊಂದರಂತೆ ಮುಗಿಯುವ ಠೇವಣಿ, ಪಿಪಿಎಫ್, ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ (ಜಂಟಿ ಖಾತೆಗೆ 15 ಲಕ್ಷದವರೆಗೆ). ಉಳಿದದ್ದು ಇಂಡೆಕ್ಸ್ ಫಂಡಿನಲ್ಲಿ. ಯಾಕೆ ಹೀಗೆ? ನಿವೃತ್ತಿಯ ಮೊದಲೆರಡು ವರ್ಷದಲ್ಲೇ 2008ರಂಥ ವರ್ಷ ಬಂದು ಷೇರು ಅರ್ಧಕ್ಕೆ ಇಳಿದರೆ, ಖರ್ಚಿಗಾಗಿ ಆ ಬೆಲೆಗೇ ಮಾರಬೇಕಾಗುತ್ತದೆ. ಹಾಗೆ ಮಾರಿದ ಯೂನಿಟ್ಟು ಮಾರುಕಟ್ಟೆ ಚೇತರಿಸಿಕೊಂಡಾಗ ನಮ್ಮ ಬಳಿ ಇರುವುದಿಲ್ಲ. ಇದೇ ಕುಸಿತ ನಿವೃತ್ತಿಯ ಹದಿನೈದನೇ ವರ್ಷ ಬಂದರೆ ಅಷ್ಟು ಪೆಟ್ಟಿಲ್ಲ. ಷೇರಿನಿಂದ ಠೇವಣಿಗೆ ಸರಿಸುವ ಕೆಲಸ ಕೆಲಸ ಬಿಡುವ ಐದು ವರ್ಷ ಮುಂಚೆಯೇ ಶುರುವಾಗಬೇಕು. ಈಕ್ವಿಟಿ ಫಂಡಿನಲ್ಲಿ ಒಂದು ವರ್ಷ ದಾಟಿದ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ ಶೇ. 12.5. ಹಾಗಾಗಿ ಸ್ವಲ್ಪ ಸ್ವಲ್ಪವೇ ಸರಿಸಿದರೆ ತೆರಿಗೆಯೂ ಕಡಿಮೆ. 60 ತುಂಬಿದಾಗ ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಿಗುತ್ತದೆ, ಒಬ್ಬರಿಗೆ 30 ಲಕ್ಷದವರೆಗೆ.

ನೆಂಟರು ಸಾಲ ಕೇಳುವುದಕ್ಕೂ ಒಂದು ವ್ಯವಸ್ಥೆ ಬೇಕು. ಸಾಲವಿಲ್ಲದ ಮನೆ ಎಂದು ಗೊತ್ತಾದ ಕೂಡಲೇ ಕೇಳುವವರು ಬರುತ್ತಾರೆ, ಎಲ್ಲರಿಗೂ ಇಲ್ಲ ಎನ್ನಲಾಗುವುದಿಲ್ಲ. ವರ್ಷಕ್ಕೆ 25,000 ಬೇರೆ ಇಟ್ಟಿದ್ದೇವೆ, ಸಂಬಳದ ದುಡ್ಡಿನಲ್ಲಿ, ಉಳಿತಾಯದ ಹೊರಗೆ. ಕೊಟ್ಟದ್ದು ವಾಪಸ್ ಬರುವುದಿಲ್ಲ ಎಂದುಕೊಂಡೇ ಕೊಡುವುದು. ಅದು ಮುಗಿದ ಮೇಲೆ ಆ ವರ್ಷಕ್ಕೆ ಇಲ್ಲ. ಜಾಮೀನು ಸಹಿ ಮಾತ್ರ ಯಾರಿಗೂ ಇಲ್ಲ.

ಪ್ರತಿ ವರ್ಷ ಏಪ್ರಿಲ್ ಮೊದಲ ಭಾನುವಾರ ಪುಸ್ತಕದ ಕೊನೆಯ ಪುಟದಲ್ಲಿ ಒಂದೇ ಅಂಕಿ ಬರೆಯುತ್ತೇವೆ. ಆಪತ್ತಿನ ಹಣ, ಮನೆ, ತೋಟ, ಒಡವೆ ಬಿಟ್ಟು ಉಳಿದ ಒಟ್ಟು ಮೊತ್ತವನ್ನು, ಹಿಂದಿನ ವರ್ಷದ ಖರ್ಚಿನಲ್ಲಿ ತೋಟದ ಆದಾಯ ಕಳೆದು ಉಳಿದದ್ದರಿಂದ ಭಾಗಿಸಿದಾಗ ಬರುವ ಅಂಕಿ. ಎಷ್ಟು ವರ್ಷದ ಅನ್ನ ಜಮೆಯಾಗಿದೆ ಎಂದು ಅದು ಹೇಳುತ್ತದೆ. ಬೆಲೆ ಏರಿದರೆ ಖರ್ಚೂ ಏರುವುದರಿಂದ ಅದಕ್ಕೆ ಬೇರೆ ಲೆಕ್ಕ ಬೇಕಿಲ್ಲ. ಸಾಲ ತೀರಿದ ದಿನ ಅದು 4.2 ಇತ್ತು. 2025ರ ಏಪ್ರಿಲ್‌ನಲ್ಲಿ 5.1. ಮೂವತ್ತಾಗಬೇಕು.